ಕೆನ್ನೆಗೆ ಹಚ್ಚಿದ ಹುತ್ತದ ಮಣ್ಣು

ಹೋದ ವರ್ಷ ಮಂಗಳೂರಿನಲ್ಲಿ ವಾಸಣ್ಣನ ಉತ್ತರಕ್ರಿಯೆಗೆ ಹೋಗಿದ್ದೆವು, ನಾನು ಮತ್ತು ನನ್ನ ಹೆಂಡತಿ ಗಿರಿಜಾ. ವಾಸಣ್ಣ ಮಸ್ಕತ್ತಿನ ದಾರ್ಸೈಟ್‌ನಲ್ಲಿ ಒಂದು ಕಾಲಕ್ಕೆ ನಮ್ಮ ಎದುರು ಮನೆಯವರು. ಊಟ ಮುಗಿಸಿ ಕೈ ತೊಳೆಯಲು ಒಳಗಿನ ಬಚ್ಚಲಿಗೆ ಹೋದೆ. ಕಿಟಕಿಯ ಕಟ್ಟೆಯ ಮೇಲೆ ಪುಟ್ಟ ಸ್ಟೀಲ್ ಬಟ್ಟಲೊಂದರಲ್ಲಿ ಕೆಂಪು ಮಣ್ಣು ಕಲಸಿಟ್ಟಿದ್ದರು. ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು ಎತ್ತಿ ಮೂಸಿದೆ.

ಹುತ್ತದ ಮಣ್ಣು. ಒದ್ದೆಯಾದಾಗ ಅದಕ್ಕೆ ಬೇರೆ ಮಣ್ಣಿಗಿಲ್ಲದ ಒಂದು ಕಮಟು ಇರುತ್ತದೆ. ಮೂವತ್ತಕ್ಕೂ ಹೆಚ್ಚು ವರ್ಷದ ಹಿಂದಿನ ಒಂದು ನಡುಮನೆ, ಗೋಡೆಗೆ ಒರಗಿಸಿದ ಕನ್ನಡಿ, ಆ ಕನ್ನಡಿಗೆ ಬೆನ್ನು ಹಾಕಿ ಕೂತ ಒಬ್ಬ ಹುಡುಗಿ, ಎಲ್ಲ ಒಟ್ಟಿಗೆ ಬಂದವು. ಆದರೆ ವಾಸನೆಯಲ್ಲಿ ಏನೋ ಕಡಿಮೆಯಿತ್ತು. ನನ್ನ ನೆನಪಿನಲ್ಲಿ ಮಣ್ಣಿನ ಜೊತೆ ಇನ್ನೊಂದು ಇತ್ತು, ಮೇಣದಂಥದ್ದು, ಆಸ್ಪತ್ರೆಯಂಥದ್ದು. ಬಟ್ಟಲಲ್ಲಿ ಅದಿರಲಿಲ್ಲ. ಮತ್ತೆ ಮೂಸಿದೆ. ಇಲ್ಲ. ನನ್ನ ನೆನಪು ಮತ್ತೊಮ್ಮೆ ಸುಳ್ಳು ಹೇಳುತ್ತಿದೆ ಎಂದುಕೊಂಡೆ. ವಯಸ್ಸಾದ ಮೇಲೆ ಅದು ಹಾಗೆ ಮಾಡುತ್ತದೆ.

ಅದು ಕುವೈತ್ ಯುದ್ಧಕ್ಕೆ ಹಿಂದಿನ ವರ್ಷ ಎಂದು ನಾನು. ಅದಕ್ಕೂ ಹಿಂದಿನದು ಎಂದು ಗಿರಿಜಾ. ನಾನು ಮೈಸೂರಿನಲ್ಲಿ ಜೀವರಸಾಯನ ಓದಿ, ರೂವಿಯ ಒಂದು ಖಾಸಗಿ ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ, ಮೂತ್ರ ಪರೀಕ್ಷಿಸುವ ಕೆಲಸಕ್ಕೆ ಹೋದವನು. ದಾರ್ಸೈಟ್‌ನಲ್ಲಿ ಬೋಳು ಕಲ್ಲುಗುಡ್ಡಕ್ಕೆ ಆತುಕೊಂಡಂತಿದ್ದ ಕಟ್ಟಡದ ಎರಡನೇ ಮಹಡಿಯಲ್ಲಿ ನಮ್ಮ ಮನೆ. ಸಂಜೆಯಾದರೂ ಆ ಗುಡ್ಡ ಹಗಲಿನ ಬಿಸಿಯನ್ನು ನಮ್ಮ ಅಡುಗೆಮನೆಯ ಗೋಡೆಗೆ ಊದುತ್ತಿತ್ತು. ಎದುರು ಬಾಗಿಲು ವಾಸಣ್ಣನದು. ಉಡುಪಿ ಕಡೆಯವರು, ಬಂದರಿನ ಕ್ಲಿಯರಿಂಗ್ ಆಫೀಸಿನಲ್ಲಿ ಕೆಲಸ. ಹೆಂಡತಿ ಜಲಜಕ್ಕ. ಒಬ್ಬಳೇ ಮಗಳು ಶುಭಾ, ಅಲ್ಲಿನ ಇಂಡಿಯನ್ ಸ್ಕೂಲಿನಲ್ಲಿ ಹನ್ನೆರಡನೇ ಕ್ಲಾಸು. ಶುಕ್ರವಾರ ಬೆಳಿಗ್ಗೆ ನಮ್ಮ ಮನೆಗೆ ಬಂದು ಕೆಮಿಸ್ಟ್ರಿ, ಬಯಾಲಜಿ ಹೇಳಿಸಿಕೊಳ್ಳುತ್ತಿದ್ದಳು. ಅದಕ್ಕೇ ಜಲಜಕ್ಕ ನನ್ನನ್ನು ಮೇಷ್ಟ್ರೇ ಎಂದು ಕರೆಯುತ್ತಿದ್ದದ್ದು. ಅದರಲ್ಲಿ ಗೌರವ ಎಷ್ಟು, ಗೇಲಿ ಎಷ್ಟು ಎಂದು ನನಗೆ ಕೊನೆಯವರೆಗೂ ತಿಳಿಯಲಿಲ್ಲ.

ಹನ್ನೆರಡು ಮುಗಿದರೆ ನಮ್ಮ ಮಕ್ಕಳಿಗೆ ಮಸ್ಕತ್ತಿನಲ್ಲಿ ಮುಂದೆ ಓದಲು ಏನೂ ಇರಲಿಲ್ಲ. ಮಾರ್ಚಿನ ಪರೀಕ್ಷೆ, ಅದರ ಅಂಕಪಟ್ಟಿ ಹಿಡಿದು ಊರಿನ ಕಾಲೇಜು. ಶುಭಾ ಫಾರ್ಮಸಿ ಓದಬೇಕೆಂದಿದ್ದಳು. ಅವಳ ಪಾಲಿಗೆ ಆ ವರ್ಷವೆಂದರೆ ಆ ಮಾರ್ಚು.

ಏಪ್ರಿಲ್‌ನಲ್ಲಿ ಅವಳ ಮುಖದ ಮೇಲೆ ಮೊಡವೆ ಹೆಚ್ಚಾದವು. ಮೇ ಹೊತ್ತಿಗೆ ಹಣೆ, ಎರಡೂ ಕೆನ್ನೆ, ಗದ್ದ ತುಂಬಿ, ಕೆಲವು ಕೀವು ಕಟ್ಟಿ, ನೋಡಿದವರು ಮುಖ ತಿರುಗಿಸುವ ಹಾಗಾಗಿತ್ತು. ಹಾಗೆಂದು ನನ್ನ ನೆನಪು. ಆದರೆ ಆ ಮೇ ತಿಂಗಳಲ್ಲಿ ಎರಡೂ ಮನೆಯವರು ಕಡಲತೀರಕ್ಕೆ ಹೋದಾಗ ತೆಗೆದ ಫೋಟೋ ಒಂದು ಗಿರಿಜಾಳ ಆಲ್ಬಮ್ಮಿನಲ್ಲಿದೆ. ಅದರಲ್ಲಿ ಶುಭಾ ಕಣ್ಣು ಕಿರಿದು ಮಾಡಿ ನಗುತ್ತಿದ್ದಾಳೆ. ಭೂತಗನ್ನಡಿ ಹಿಡಿದು ನೋಡಿದ್ದೇನೆ. ಹಣೆಯ ಮೇಲೆ ನಾಲ್ಕಾರು, ಕೆನ್ನೆಯ ಮೇಲೆ ಅಷ್ಟೇ. ಆ ವಯಸ್ಸಿನ ಯಾವ ಹುಡುಗಿಗೂ ಇರುವಷ್ಟು. ಹಾಗಾದರೆ ಕೀವು ಕಟ್ಟಿದ ಆ ಇನ್ನೊಂದು ಮುಖ ನಾನು ನೋಡಿದ್ದು ಯಾವಾಗ? ಡಿಸೆಂಬರಿನದನ್ನು ಮೇ ತಿಂಗಳಿಗೆ ಅಂಟಿಸಿಕೊಂಡಿದ್ದೇನೆಯೇ? ಅಥವಾ ನಾವೆಲ್ಲ ಸೇರಿ ನಾಲ್ಕಾರು ಮೊಡವೆಯನ್ನು ಮಾತಿನಲ್ಲೇ ಬೆಳೆಸಿದೆವೇ?

ಮಾತಿಗಂತೂ ಕೊರತೆ ಇರಲಿಲ್ಲ. ಕಟ್ಟಡದಲ್ಲಿ ಮನೆಗೊಂದು ಕಾರಣ ಇತ್ತು. ಕೆಳಗಿನ ಮನೆಯವರಿಗೆ ಕಡಲ ನೀರನ್ನು ಸಿಹಿ ಮಾಡಿ ಕೊಡುವ ಆ ನಲ್ಲಿ ನೀರು. ಮೇಲಿನವರಿಗೆ ಖರ್ಜೂರ, ಅದು ಉಷ್ಣ. ಒಬ್ಬರಿಗೆ ಚಾಕೊಲೇಟು, ಇನ್ನೊಬ್ಬರಿಗೆ ಏಸಿ ಗಾಳಿ. ಗಿರಿಜಾ ಕೂಡ "ಮುಖ ಸರಿಯಾಗಿ ತೊಳೆಯಲ್ಲ ಅನ್ಸುತ್ತೆ ಕಣ್ರೀ" ಎಂದಳು. ಶುಭಾ ದಿನಕ್ಕೆ ಎಷ್ಟೋ ಸಲ ಸೋಪು ಹಾಕಿ ಉಜ್ಜಿ ಉಜ್ಜಿ ತೊಳೆಯುತ್ತಿದ್ದಳು, ಅದರಿಂದ ಚರ್ಮ ಇನ್ನಷ್ಟು ಕೆರಳುತ್ತಿತ್ತು. ತಿನ್ನುವುದೊಂದೊಂದೇ ನಿಂತಿತು. ಮೊದಲು ಕಡಲೆಬೀಜ, ಆಮೇಲೆ ತುಪ್ಪ, ಬೂತಾಯಿ ಮೀನು.

ಒಂದು ಶುಕ್ರವಾರ ಅವಳು ಪುಸ್ತಕ ತೆರೆಯದೆ ಕೇಳಿದಳು. "ಅಂಕಲ್, ವಾಟ್ ಈಸ್ ದಿಸ್, ರಿಯಲಿ? ಇದು ಎಂತದು?"

ಹಾಳೆಯ ಮೇಲೆ ಚರ್ಮದ ಚಿತ್ರ ಬರೆದೆ. ಒಂದು ಕೂದಲ ಬುಡ, ಅದರ ಪಕ್ಕ ಎಣ್ಣೆಯ ಪುಟ್ಟ ಚೀಲ. "ನಿನ್ನ ವಯಸ್ಸಿಗೆ ಮೈಯೊಳಗಿನ ಹಾರ್ಮೋನು ಈ ಚೀಲಕ್ಕೆ ಇನ್ನೂ ಎಣ್ಣೆ ಮಾಡು ಅಂತ ಹೇಳುತ್ತೆ. ಸತ್ತ ಚರ್ಮದ ಪುಡಿ ಅದರ ಬಾಯಿಗೆ ಬಿರಡೆ ಹಾಕುತ್ತೆ. ಒಳಗೆ ಎಣ್ಣೆ ನಿಲ್ಲುತ್ತೆ. ಅಲ್ಲಿ ಸುಮ್ಮನೆ ಇದ್ದ ಬ್ಯಾಕ್ಟೀರಿಯಾ ಬೆಳೆಯುತ್ತೆ. ಮೈ ಅದರ ಮೇಲೆ ಜಗಳಕ್ಕೆ ಹೋಗುತ್ತೆ. ಆ ಜಗಳವೇ ಕೆಂಪು, ಊತ, ಕೀವು."

"ಬ್ಲ್ಯಾಕ್‌ಹೆಡ್ ಕಪ್ಪಗಿರೋದು? ಅದು ಡರ್ಟ್ ಅಲ್ವಾ?"

"ಕೊಳೆ ಅಲ್ಲ. ಬಿರಡೆಗೆ ಗಾಳಿ ತಾಗಿ ಕಪ್ಪಾಗಿದ್ದು. ನೀನು ಗಲೀಜಾಗಿದ್ದೀಯ ಅಂತ ಬಂದದ್ದಲ್ಲ ಇದು."

"ಪೀರಿಯಡ್ಸ್ ಮುಂಚೆ ಜಾಸ್ತಿ ಆಗ್ತದೆ," ಎಂದಳು ಚಿತ್ರ ನೋಡುತ್ತಲೇ.

"ಆಗುತ್ತೆ. ಅದೂ ಹಾರ್ಮೋನೇ."

ಅವಳು ಆ ಹಾಳೆಯನ್ನು ಮಡಚಿ ಕೆಮಿಸ್ಟ್ರಿ ಪುಸ್ತಕದಲ್ಲಿಟ್ಟುಕೊಂಡಳು. ದೊಡ್ಡಾಸ್ಪತ್ರೆಯ ಚರ್ಮದ ವೈದ್ಯೆಯೊಬ್ಬರು ನಮ್ಮ ಲ್ಯಾಬಿನ ಮೂಲಕ ಪರಿಚಯವಿದ್ದರು. ಅವರ ಬಳಿ ಒಂದು ದಿನ ಗೊತ್ತು ಮಾಡಿಸಿ ಎದುರು ಮನೆಗೆ ಹೇಳಲು ಹೋದೆ. ಜಲಜಕ್ಕ ಬಾಗಿಲಲ್ಲೇ ತಲೆ ಅಲ್ಲಾಡಿಸಿದರು.

"ಇಲ್ಲ ಮೇಷ್ಟ್ರೇ. ಊರಲ್ಲಿ ಜೋಯಿಸರ ಹತ್ತಿರ ಪ್ರಶ್ನೆ ಇಟ್ಟು ಕೇಳಿಸಿ ಆಯ್ತು. ನಾಗದೋಷ ಅಂತ ಬಂದಿದೆ. ನಮ್ಮ ಕುಟುಂಬದ ನಾಗಬನದ ಮರ ಕಡಿದು ಇವರ ದೊಡ್ಡಪ್ಪ ಕಾಂಪೌಂಡ್ ಕಟ್ಟಿಸಿದ್ದು. ಚರ್ಮಕ್ಕೆ ಬರುವುದೆಲ್ಲ ನಾಗನದ್ದೇ. ಹರಕೆ ಹೇಳಿಕೊಂಡಾಗಿದೆ. ಈಗ ಮದ್ದು ಮಾಡಿದರೆ ನಂಬಿಕೆ ಇಲ್ಲ ಅಂತ ಆಗ್ತದೆ."

"ಜಲಜಕ್ಕ, ಮೊಡವೆಗೆ ನಾಗನ್ನ ಯಾಕೆ ಎಳೀತೀರಿ?"

"ನಾನು ಎಳೆಯುವುದಲ್ಲ, ಅವನು ಎಳೆಯುವುದು," ಎಂದರು ಅವರು. ಹಿಂದಿನಿಂದ ವಾಸಣ್ಣ ನನ್ನ ಕಡೆ ನೋಡಿ, ಬಿಡಿ ಮಾರಾಯ್ರೆ ಎನ್ನುವಂತೆ ಕೈ ಅಲ್ಲಾಡಿಸಿದರು.

ಅವರಿಗೆ ಎರಡು ವರ್ಷಕ್ಕೊಮ್ಮೆ ರಜೆ. ಆ ವರ್ಷ ಸಿಗುವಂತಿರಲಿಲ್ಲ. ಹಾಗಾಗಿ ಊರಿನಲ್ಲಿ ತಮ್ಮಂದಿರೇ ನಾಗನಿಗೆ ಆಶ್ಲೇಷ ಬಲಿಯ ಪೂಜೆ ಮಾಡಿಸಿದರು. ಇಲ್ಲಿ ಬೇಸಿಗೆ ಕುದಿಯಿತು. ಸ್ಕೂಲಿಗೆ ರಜೆ, ಕಟ್ಟಡ ಅರ್ಧ ಖಾಲಿ. ಶುಭಾ ಹೊರಗೆ ಬರುವುದನ್ನೇ ಬಿಟ್ಟಳು. ಕನ್ನಡಿ ನೋಡಿ ನೋಡಿ ಚಿವುಟುತ್ತಾಳೆಂದು ಜಲಜಕ್ಕ ನಡುಮನೆಯ ಕನ್ನಡಿಯನ್ನು ಮೊಳೆಯಿಂದ ಇಳಿಸಿ ನೆಲದ ಮೇಲೆ ಗೋಡೆಗೆ ಒರಗಿಸಿದರು. ಆಗಸ್ಟಿನಲ್ಲಿ ಸ್ಕೂಲು ತೆರೆದಾಗ ಅವಳು ದುಪಟ್ಟಾದ ತುದಿಯನ್ನು ಕೆನ್ನೆಗೆ ಹಿಡಿದೇ ಹೋಗುತ್ತಿದ್ದಳು. ಬಸ್ಸಿನಲ್ಲಿ ಹುಡುಗರು ಅವಳಿಗೆ ಪಿಜ್ಜಾ ಎಂದು ಹೆಸರಿಟ್ಟಿದ್ದಾರೆಂದು ಗಿರಿಜಾ ಎಲ್ಲಿಂದಲೋ ಕೇಳಿಕೊಂಡು ಬಂದಳು.

ಸೆಪ್ಟೆಂಬರಿನಲ್ಲಿ ಊರಿನ ಪ್ರಸಾದ ಬಂತು. ಮಸ್ಕತ್ತಿನ ನಮ್ಮವರ ಪದ್ಧತಿ ಹಾಗೆ: ಯಾರು ರಜೆ ಮುಗಿಸಿ ಬಂದರೂ ಅವರ ಸೂಟ್‌ಕೇಸಿನಲ್ಲಿ ಅರ್ಧ ಜಾಗ ಇತರರ ಉಪ್ಪಿನಕಾಯಿ, ಮದ್ದು, ಪ್ರಸಾದಗಳಿಗೆ. ಇದನ್ನು ತಂದವನು ಸುವೈಕ್‌ನಲ್ಲಿ ಟೈಲರ್ ಅಂಗಡಿ ಇಟ್ಟುಕೊಂಡಿದ್ದ ವಾಸಣ್ಣನ ಊರಿನವನು. ಗುರುವಾರ ರಜೆಯ ದಿನ ವಾಸಣ್ಣ ಅಷ್ಟು ದೂರ ಕಾರು ಓಡಿಸಿಕೊಂಡು ಹೋಗಿ ಪೊಟ್ಟಣ ತಂದರು. ಅದರಲ್ಲಿ ಬಿಳಿ ಬಟ್ಟೆಯಲ್ಲಿ ಕಟ್ಟಿದ ಹುತ್ತದ ಮಣ್ಣಿತ್ತು. ದಿನಾ ಸ್ನಾನ ಮಾಡಿ ಮುಖಕ್ಕೆ ಹಚ್ಚಬೇಕು.

ನವರಾತ್ರಿಯ ಹೊತ್ತಿಗೆ ಶುಭಾಳ ಮುಖ ತಿಳಿಯಾಯಿತು.

ಈ ಮಾತನ್ನು ಬರೆಯುವಾಗ ಈಗಲೂ ನನಗೆ ಕಸಿವಿಸಿಯಾಗುತ್ತದೆ. ಆದರೆ ಇದು ನನ್ನ ನೆನಪಿನ ಆಟವಲ್ಲ, ಇದಕ್ಕೂ ಫೋಟೋ ಇದೆ. ದಾರ್ಸೈಟ್‌ನ ಕೃಷ್ಣ ದೇವಸ್ಥಾನದ ಅಂಗಳದಲ್ಲಿ ಹಸಿರು ಲಂಗ ದಾವಣಿಯಲ್ಲಿ ನಿಂತಿದ್ದಾಳೆ. ಕೆನ್ನೆಯ ಮೇಲೆ ಒಂದು ಚುಕ್ಕೆಯಿಲ್ಲ. ಪೂಜೆಗೆ ಬಂದ ಹೆಂಗಸರು ಅವಳ ಗದ್ದ ಹಿಡಿದು ಬೆಳಕಿಗೆ ತಿರುಗಿಸಿ ನೋಡಿದರು. ಮಣ್ಣಿನ ಒಂದು ಚಿಟಿಕೆ ಕೊಡಿ ಎಂದು ಕೇಳಿದವರೂ ಇದ್ದರು.

"ಎಂತ ಮೇಷ್ಟ್ರೇ," ಎಂದರು ಜಲಜಕ್ಕ, ಎಲ್ಲರೆದುರು, "ನಿಮ್ಮ ಎಣ್ಣೆ ಚೀಲ ಈಗ ಎಲ್ಲಿ ಹೋಯ್ತು?"

"ಸೆಕೆ ಕಮ್ಮಿ ಆಯ್ತಲ್ಲ, ಅದಕ್ಕಿರಬೇಕು," ಎಂದೆ.

"ಆಯ್ತು, ಸೆಕೆ. ಹಾಗಾದರೆ ನಾಗನೇ ಸೆಕೆ ಕಮ್ಮಿ ಮಾಡಿದ್ದು ಅಂತ ಇಟ್ಟುಕೊಳ್ಳಿ," ಎಂದರು. ಎಲ್ಲರೂ ನಕ್ಕರು. ಗಿರಿಜಾಳೂ ನಕ್ಕಳು. ಕಾಕತಾಳೀಯ, ಮನಸ್ಸಿನ ನೆಮ್ಮದಿ, ಹವಾಮಾನ ಎಂದು ನಾನು ಕಾರಣ ಹುಡುಕುತ್ತಾ ಮನೆಗೆ ಬಂದೆ. ಇಷ್ಟು ಬೇಗ, ಇಷ್ಟು ನುಣ್ಣಗೆ ಮೊಡವೆ ಹೋಗುವುದಿಲ್ಲ ಎಂದು ಮಾತ್ರ ಗೊತ್ತಿತ್ತು.

ಶುಭಾ ಆ ಎರಡು ತಿಂಗಳು ಬೇರೆಯೇ ಹುಡುಗಿ. ಶುಕ್ರವಾರ ಬಂದರೆ ಮಾತು ನಿಲ್ಲುತ್ತಿರಲಿಲ್ಲ. ಅರ್ಧವಾರ್ಷಿಕ ಪರೀಕ್ಷೆಯಲ್ಲಿ ಕೆಮಿಸ್ಟ್ರಿಗೆ ಕ್ಲಾಸಿಗೇ ಹೆಚ್ಚು ಅಂಕ ತೆಗೆದಳು. ಜಲಜಕ್ಕ ಕನ್ನಡಿಯನ್ನು ಮತ್ತೆ ಮೊಳೆಗೆ ಹಾಕಿದರು.

ಡಿಸೆಂಬರಿನಲ್ಲಿ, ಮಸ್ಕತ್ತಿನ ಅತ್ಯಂತ ಹಿತವಾದ ತಿಂಗಳಲ್ಲಿ, ಅವಳ ಮುಖ ಒಡೆಯಿತು. ಬೇರೆ ಪದ ನನಗೆ ಸಿಗುವುದಿಲ್ಲ. ಕೆನ್ನೆ ತುಂಬ ಒಂದಕ್ಕೊಂದು ಒತ್ತಿಕೊಂಡ ಕೀವಿನ ಗುಳ್ಳೆಗಳು, ನಡುವಿನ ಚರ್ಮ ಕೆಂಪಗೆ ಉರಿಯುತ್ತಿತ್ತು. ಬಾಯಿಯ ಸುತ್ತ ಮೊದಲು ಇಲ್ಲದ ಕಡೆಯೂ ಬಂದವು. ದಿಂಬಿನ ಮೇಲೆ ರಕ್ತದ ಕಲೆ ಎಂದು ಜಲಜಕ್ಕ ಗಿರಿಜಾಳ ಹತ್ತಿರ ಅತ್ತರು. ಶುಭಾ ಸ್ಕೂಲಿಗೆ ಹೋಗುವುದನ್ನು ನಿಲ್ಲಿಸಿದಳು.

ಅಳುವಿನ ಮಧ್ಯೆ ಜಲಜಕ್ಕ ಕಾರಣವನ್ನೂ ಕಂಡುಕೊಂಡಿದ್ದರು. "ಇವಳು ಹೊರಗಿದ್ದಾಗ ಮಣ್ಣಿನ ಡಬ್ಬಿ ಮುಟ್ಟಿದ್ದಾಳೆ. ಎರಡು ಕೋಣೆ ಮನೆಯಲ್ಲಿ ಎಷ್ಟು ಅಂತ ಕಾಯುವುದು? ಕೇಳಿದರೆ ಇಲ್ಲ ಅಂತಾಳೆ. ಮುಟ್ಟು ತಾಗದೆ ಹೀಗಾಗ್ತದಾ ಗಿರಿಜಾ? ಅವನ ಸಿಟ್ಟು ಎರಡು ಪಟ್ಟಾಗಿದೆ."

ಇನ್ನು ಶುಭಾಳನ್ನೇ ಊರಿಗೆ ಕರೆದುಕೊಂಡು ಹೋಗಿ, ಅವಳನ್ನು ಎದುರು ಕೂರಿಸಿ ಪ್ರಾಯಶ್ಚಿತ್ತ ಮಾಡಿಸಬೇಕು, ನಲವತ್ತೆಂಟು ದಿನ ಅಲ್ಲೇ ಇದ್ದು ಸೇವೆ ಮಾಡಬೇಕು ಎಂದು ಊರಿಂದ ಫೋನಿನಲ್ಲಿ ಹೇಳಿದರು. ಜನವರಿ ಕೊನೆಗೆ ಹೊರಡುವುದು. ಮಾರ್ಚಿನ ಪರೀಕ್ಷೆ ಎಂದರೆ, "ಮುಖವೇ ಇಲ್ಲದ ಮೇಲೆ ಮಾರ್ಕು ಯಾರಿಗೆ ತೋರಿಸಲಿಕ್ಕೆ?" ಎಂದರು ಜಲಜಕ್ಕ.

ಜನವರಿಯ ಒಂದು ಶುಕ್ರವಾರ ಶುಭಾ ನಮ್ಮ ಮನೆಗೆ ಬಂದಳು. ಪುಸ್ತಕ ತಂದಿರಲಿಲ್ಲ. ಮುಖದ ಮೇಲೆ ಮಣ್ಣು ಒಣಗಿ ಬಿರುಕು ಬಿಟ್ಟಿತ್ತು. ಬಿರುಕಿನಲ್ಲಿ ಕೀವು ಇಣುಕುತ್ತಿತ್ತು.

"ಅಂಕಲ್, ಐ ಡಿಡಂಟ್ ಟಚ್ ಇಟ್. ನಿಜವಾಗಿ. ಆ ದಿನ ಡಬ್ಬಿ ಹತ್ತಿರ ಕೂಡ ಹೋಗಲಿಲ್ಲ."

"ಮುಟ್ಟಿದ್ದರೂ ಏನೂ ಆಗಲ್ಲಮ್ಮ. ಮುಟ್ಟಿಗೂ ಮಣ್ಣಿಗೂ ಏನು?"

"ಮೊದಲು ಎಷ್ಟು ಚೆನ್ನಾಗಿ ಹಿಡೀತಿತ್ತು. ಈಗ ಅಮ್ಮ ರೋಸ್ ವಾಟರಲ್ಲಿ ಕಲಸ್ತಾಳೆ. ಒಣಗಿ ಬಿದ್ದುಹೋಗ್ತದೆ."

"ಮೊದಲು ಯಾವುದರಲ್ಲಿ ಕಲಸ್ತಿದ್ದರು?"

"ಚಿಕ್ಕಮ್ಮ ಕಳಿಸಿದ ಕ್ರೀಮಲ್ಲಿ. ಅದೇ ಪಾರ್ಸಲಲ್ಲಿ ಬಂದಿತ್ತಲ್ಲ. ಅದು ಮುಗೀತು."

ಅವಳು ಹೋಗಿ ಟ್ಯೂಬ್ ತಂದಳು. ಕೊನೆಯ ಹನಿಯವರೆಗೂ ಹಿಂಡಿ ಚಪ್ಪಟೆಯಾಗಿ ಸುರುಳಿ ಸುತ್ತಿದ್ದ ತಗಡಿನ ಟ್ಯೂಬ್, ಬಚ್ಚಲಿನ ಕಿಟಕಿ ಬಡಿದುಕೊಳ್ಳದಂತೆ ಸಂದಿಗೆ ಸಿಕ್ಕಿಸಿದ್ದರಂತೆ. ನಾನು ಅದನ್ನು ಬಿಡಿಸಿ ಸಣ್ಣ ಅಕ್ಷರ ಓದಿದೆ. ಸ್ಟೆರಾಯ್ಡ್. ಇಸುಬು, ಕಜ್ಜಿಗೆ ವೈದ್ಯರು ಕೆಲವು ದಿನಕ್ಕೆಂದು ಬರೆದುಕೊಡುವ, ಮುಖಕ್ಕೆ ಹಚ್ಚಲೇಬಾರದ ಜೋರಿನ ಸ್ಟೆರಾಯ್ಡ್. ಮೂಸಿದೆ. ಮೇಣದಂಥ, ಆಸ್ಪತ್ರೆಯಂಥ ವಾಸನೆ.

ಎಲ್ಲ ಒಂದೇ ಕ್ಷಣದಲ್ಲಿ ಅರ್ಥವಾಯಿತು. ನನಗೆ ಆಗ ಆದದ್ದು ಖುಷಿ, ಅದನ್ನು ಮುಚ್ಚಿಡುವುದಿಲ್ಲ. ಹುಡುಗಿಯ ಮುಖ ಎದುರಿಗಿದ್ದಾಗಲೂ, ಉತ್ತರ ಸಿಕ್ಕಿತಲ್ಲ ಎಂಬ ಖುಷಿ.

ಆ ಸಂಜೆಯೇ ಎದುರು ಮನೆಗೆ ಹೋದೆ. ಗಿರಿಜಾಳೂ ಬಂದಳು. ಟ್ಯೂಬನ್ನು ಟೀಪಾಯಿಯ ಮೇಲಿಟ್ಟೆ.

"ಹರಕೆ ಹೇಳಿಕೊಂಡ ಮೇಲೆ ಮದ್ದು ಮಾಡಲ್ಲ ಅಂದಿರಿ. ಇದೇನು ಜಲಜಕ್ಕ?"

"ಅದು ಮದ್ದಲ್ಲ ಮೇಷ್ಟ್ರೇ!" ಅವರಿಗೆ ನಿಜವಾಗಿ ಆಶ್ಚರ್ಯವಾಯಿತು. "ಒಣ ಮಣ್ಣು ಮುಖಕ್ಕೆ ಹೇಗೆ ನಿಲ್ಲುವುದು? ಇವಳ ಚಿಕ್ಕಮ್ಮ ಮುಖಕ್ಕೆ ಒಳ್ಳೆಯದು ಅಂತ ಕ್ರೀಮ್ ಕಳಿಸಿದ್ದಳು. ಬರಿ ಅದನ್ನೇ ಹಚ್ಚಲಿಕ್ಕೆ ನಾನು ಬಿಡಲಿಲ್ಲ. ಮಣ್ಣು ಹಿಡಿಯಲಿಕ್ಕೆ ಮಾತ್ರ, ತುಪ್ಪದಲ್ಲಿ ಕಲಸುವ ಹಾಗೆ."

"ಅದೇ ಮದ್ದು. ಮಣ್ಣು ಏನೂ ಮಾಡಿಲ್ಲ, ಒಳ್ಳೇದೂ ಮಾಡಿಲ್ಲ, ಕೆಟ್ಟದ್ದೂ ಮಾಡಿಲ್ಲ. ಈ ಕ್ರೀಮು ಮೊಡವೆಯ ಊತವನ್ನು ಅದುಮಿಡುತ್ತೆ. ಬೇರು ಹಾಗೇ ಇರುತ್ತೆ. ದಿನಾ ಹಚ್ಚಿ ಚರ್ಮ ತೆಳ್ಳಗಾಗುತ್ತೆ. ನಿಲ್ಲಿಸಿದರೆ ಅದುಮಿದ್ದೆಲ್ಲ ಒಟ್ಟಿಗೆ ಏಳುತ್ತೆ. ಅದೇ ಆಗಿರೋದು. ಇವಳು ಡಬ್ಬಿ ಮುಟ್ಟಿದ್ದರಿಂದ ಆದದ್ದಲ್ಲ. ಪ್ರಾಯಶ್ಚಿತ್ತ ಅಂತ ಪರೀಕ್ಷೆ ಬಿಡಿಸಬೇಡಿ. ಆ ಡಾಕ್ಟರಮ್ಮನ ಹತ್ತಿರ ಕರ್ಕೊಂಡು ಹೋಗೋಣ. ನಿಧಾನ ಆಗುತ್ತೆ, ತಿಂಗಳುಗಟ್ಟಲೆ ಬೇಕು, ಆದರೆ ಸರಿಹೋಗುತ್ತೆ."

ಶುಭಾ ಒಳಬಾಗಿಲಿನಲ್ಲಿ ಮುಖಕ್ಕೆ ಟವೆಲ್ ಹಿಡಿದು ನಿಂತಿದ್ದಳು. ಡಬ್ಬಿ ಮುಟ್ಟಿದ್ದರಿಂದ ಅಲ್ಲ ಎಂದಾಗ ಅವಳ ಭುಜ ಸ್ವಲ್ಪ ಇಳಿದದ್ದನ್ನು ನಾನು ನೋಡಿದೆ.

ವಾಸಣ್ಣ ಟ್ಯೂಬನ್ನು ಕೈಗೆತ್ತಿಕೊಂಡು, ಬಂದರಿನಲ್ಲಿ ಸರಕಿನ ಚೀಟಿ ಓದುವ ಹಾಗೆ ಹಿಂದೆ ಮುಂದೆ ತಿರುಗಿಸಿ ನೋಡಿದರು. ಅವರು ದಡ್ಡರಲ್ಲ. ಕಾರಣ ಎಲ್ಲಿದೆ ಎಂದು ಅವರಿಗೆ ನನಗಿಂತ ಬೇಗ ಹೊಳೆದಿರಲಿಕ್ಕೂ ಸಾಕು.

"ಅಂದರೆ, ಇದು ಇದ್ದಾಗ ಮುಖ ಸರಿ ಇತ್ತು. ಇದು ಮುಗಿದದ್ದಕ್ಕೆ ಹೀಗಾಯ್ತು."

"ಹೌದು, ಆದರೆ..."

"ಇದು ಇಲ್ಲಿ ಸಿಗ್ತದಾ ಮೂರ್ತಿಯವರೇ?"

"ವಾಸಣ್ಣ, ನಾನು ಹೇಳಿದ್ದು ಅದಲ್ಲ. ಮತ್ತೆ ಹಚ್ಚಿದರೆ ಇನ್ನೂ ಹಾಳಾಗುತ್ತೆ."

"ಮಾರ್ಚ್ ತನಕ ಮಾರಾಯ್ರೆ. ನಿಮ್ಮ ಡಾಕ್ಟರಮ್ಮನ ಮದ್ದಿಗೆ ತಿಂಗಳುಗಟ್ಟಲೆ ಅಂತ ನೀವೇ ಹೇಳ್ತೀರಿ. ಪರೀಕ್ಷೆ ತಿಂಗಳುಗಟ್ಟಲೆ ಕಾಯ್ತದಾ?" ಆಮೇಲೆ ಹೆಂಡತಿಯ ಕಡೆ ತಿರುಗಿದರು. ಆ ಮಾತನ್ನು ತುಳುವಿನಲ್ಲಿ ಹೇಳಿದರು, ಜಲಜಕ್ಕನ ಒಡನಾಟದಲ್ಲಿ ತುಳು ಕಲಿತಿದ್ದ ಗಿರಿಜಾ ನನಗೆ ಆಮೇಲೆ ಬಿಡಿಸಿ ಹೇಳಿದ್ದು: ನೋಡು, ಮಣ್ಣಿಗೆ ಮುಟ್ಟು ತಾಗಿದ್ದಲ್ಲ. ಮಣ್ಣು ಮುಖಕ್ಕೆ ಹಿಡಿಯದೆ ಹೀಗಾದದ್ದು. ಕ್ರೀಮ್ ತಂದರೆ ಹಿಡಿಯುತ್ತದೆ. ನಾಗನಿಗೆ ನಮ್ಮ ಮೇಲೆ ಸಿಟ್ಟಿಲ್ಲ.

ಜಲಜಕ್ಕನ ಮುಖ ಅರಳಿತು. ನನ್ನ ವಿಜ್ಞಾನವನ್ನು ವಾಸಣ್ಣ ಎಷ್ಟು ನಾಜೂಕಾಗಿ ಅತ್ತ ದಾಟಿಸಿದರು! ಮಗಳ ಮೇಲಿನ ಅಪವಾದ ಹೋಯಿತು, ಊರಿಗೆ ಹೋಗುವುದು ನಿಂತಿತು, ಪರೀಕ್ಷೆ ಉಳಿಯಿತು. ಒಂದು ಟ್ಯೂಬಿನಿಂದ.

"ಬೇಡ," ಎಂದೆ. "ಶುಭಾ, ನೀನಾದರೂ ಹೇಳು. ಚಿತ್ರ ಬರೆದು ತೋರಿಸಿದ್ದೆನಲ್ಲ."

ಅವಳು ಟವೆಲ್ ಇಳಿಸಿದಳು. "ಐ ನೋ, ಅಂಕಲ್," ಎಂದಳು. "ಗೊತ್ತುಂಟು. ಆದ್ರೆ ಎಕ್ಸಾಮ್ ಹಾಲಲ್ಲಿ ಎಲ್ಲರೂ ನೋಡ್ತಾರೆ. ಎಕ್ಸಾಮ್ ತನಕ ಮಾತ್ರ, ಪ್ಲೀಸ್."

ನಾನು ಎದ್ದು ನಿಂತು ಜೋರಾಗಿ ವಾದ ಮಾಡಿದೆ ಎಂದು ನನ್ನ ನೆನಪು. ನೀವು ಜೋರು ಮಾಡಲಿಲ್ಲ, ಟ್ಯೂಬ್ ವಾಪಸ್ ಕೇಳಿದಿರಿ, ಅವರು ಕೊಡಲಿಲ್ಲ, ಅಷ್ಟೇ ಎನ್ನುತ್ತಾಳೆ ಗಿರಿಜಾ. ಇಬ್ಬರಿಗೂ ಒಂದೇ ನೆನಪಿರುವುದು ವಾಸಣ್ಣ ನಮ್ಮನ್ನು ಬಾಗಿಲವರೆಗೆ ಬಿಡಲು ಬಂದು, ನನ್ನ ಕೈ ಹಿಡಿದು "ಎಂಚಿನ ಮಲ್ಪೊಡು?" ಎಂದು ಕೇಳಿದ್ದು. ಏನು ಮಾಡುವುದು ಹೇಳಿ ಎಂದು. ಅದು ನಿಜವಾದ ಪ್ರಶ್ನೆಯಾಗಿತ್ತು. ಎಂಟು ವಾರದಲ್ಲಿ ಆ ಮುಖವನ್ನು ಪರೀಕ್ಷೆಯ ಕೋಣೆಗೆ ಕಳಿಸುವ ಬೇರೆ ದಾರಿ ನನ್ನ ಬಳಿಯೂ ಇರಲಿಲ್ಲ.

ಮಾರನೆಯ ದಿನ ಅವರು ಹಮ್ರಿಯಾ ಪೇಟೆಗೆ ಹೋದರು. ಊರಿನ ಹಪ್ಪಳ, ಅಗರಬತ್ತಿ, ಕೂದಲೆಣ್ಣೆ ಮಾರುವ ಅಂಗಡಿಯೊಂದರಲ್ಲಿ, ಕೇಳಿದವರಿಗೆ ಗಲ್ಲಾದ ಕೆಳಗಿಂದ ಇಂಥ ಟ್ಯೂಬುಗಳನ್ನೂ ತೆಗೆದು ಕೊಡುತ್ತಿದ್ದರು. ಬಿಳಿ ಬಣ್ಣ ಬರುತ್ತದೆಂದು ಕೊಳ್ಳುವವರು ಬಹಳ ಇದ್ದರಂತೆ. ವಾಸಣ್ಣ ಒಂದು ತರಲಿಲ್ಲ, ಒಂದು ಪೆಟ್ಟಿಗೆಯನ್ನೇ ತಂದರು.

ಫೆಬ್ರವರಿಯಲ್ಲಿ ಗುಳ್ಳೆ ಇಳಿದವು. ಮಾರ್ಚಿನಲ್ಲಿ ಶುಭಾ ಎಲ್ಲ ಪರೀಕ್ಷೆಯನ್ನೂ ಬರೆದಳು, ಚೆನ್ನಾಗಿಯೇ ಬರೆದಳು. ಆಗ ಅವಳ ಕೆನ್ನೆ ಗುಲಾಬಿ ಬಣ್ಣಕ್ಕೆ ತಿರುಗಿತ್ತು. ದೇವಸ್ಥಾನದಲ್ಲಿ ಹೆಂಗಸರು "ಎಷ್ಟು ಬಣ್ಣ ಬಂದಿದ್ದಾಳೆ" ಎಂದು ದೃಷ್ಟಿ ತೆಗೆಯುವ ಮಾತಾಡಿದರು. ಹತ್ತಿರದಿಂದ ನೋಡಿದರೆ ಅದು ಬಣ್ಣವಲ್ಲ. ಚರ್ಮ ಈರುಳ್ಳಿ ಸಿಪ್ಪೆಯಷ್ಟು ತೆಳುವಾಗಿ ಒಳಗಿನ ಸಣ್ಣ ರಕ್ತನಾಳಗಳ ಕೆಂಪು ಹೊರಗೆ ಕಾಣುತ್ತಿತ್ತು. ಕೆನ್ನೆಯ ಮೇಲೆ ಮೊದಲಿಲ್ಲದ ನವಿರು ಕೂದಲು ಎದ್ದಿತ್ತು. ಸ್ಕೂಲ್ ಬಸ್ಸಿನಿಂದ ಇಳಿದು ನಮ್ಮ ಮೆಟ್ಟಿಲು ಹತ್ತುವಷ್ಟರಲ್ಲಿ ಬಿಸಿಲಿಗೆ ಮುಖ ಉರಿದು, ಅವಳು ಫ್ರಿಜ್ಜಿನ ಬಾಗಿಲು ತೆರೆದು ಅದರೊಳಗೆ ಮುಖ ಇಟ್ಟುಕೊಂಡು ನಿಲ್ಲುತ್ತಿದ್ದಳು. ಜೂನಿನಲ್ಲಿ ಊರಿಗೆ ಹೊರಟಳು. ಸೂಟ್‌ಕೇಸಿನಲ್ಲಿ ಉಳಿದ ಟ್ಯೂಬುಗಳಿದ್ದವು. ಆರು ತಿಂಗಳು ಹೊರಗಿದ್ದರೆ ವೀಸಾ ಹೋಗುತ್ತದೆ, ಅವಳದ್ದೂ ಹೋಯಿತು. ಮಸ್ಕತ್ತಿಗೆ ಅವಳು ಮತ್ತೆ ಬರಲಿಲ್ಲ. ನಾವೂ ಒಂದೆರಡು ವರ್ಷಕ್ಕೆ ಅಲ್ಲಿನ ಕೆಲಸ ಖಲಾಸ್ ಮಾಡಿಕೊಂಡು ಮೈಸೂರಿಗೆ ಬಂದೆವು.

ಮಂಗಳೂರಿನ ಆ ಬಚ್ಚಲಿನಿಂದ ಹೊರಗೆ ಬಂದಾಗ ಶುಭಾ ಟವೆಲ್ ಹಿಡಿದು ನಿಂತಿದ್ದಳು. ಐವತ್ತು ದಾಟಿದವಳು. ಮಧ್ಯಾಹ್ನದ ಬೆಳಕಿನಲ್ಲಿ ಅವಳ ಮುಖವನ್ನು ಮೊದಲ ಬಾರಿಗೆ ಸರಿಯಾಗಿ ನೋಡಿದೆ. ಎರಡು ಕೆನ್ನೆಯ ಮೇಲೂ ಕೆಂಪು ರಕ್ತನಾಳಗಳ ಜೇಡರ ಬಲೆ, ನಡುವೆ ಗುಳಿಗಳು. ಚರ್ಮ ಹೊಳೆಯುತ್ತಿತ್ತು, ಸುಟ್ಟು ಮಾಗಿದ ಜಾಗ ಹೊಳೆಯುವ ಹಾಗೆ.

"ನೋಡ್ತಿದ್ದೀರಾ ಅಂಕಲ್?" ಎಂದಳು ಸಹಜವಾಗಿ. "ನೀವು ಹೇಳಿದ್ದು ಸರಿ ಇತ್ತು. ಹದಿನೈದು ವರ್ಷ ಬಿಡಲಿಕ್ಕೆ ಆಗಲಿಲ್ಲ. ಬಿಟ್ಟ ಕೂಡಲೇ ಉರಿ, ಕೀವು. ಫಾರ್ಮಸಿ ಓದಿದವಳು ನಾನು! ಅಂಗಡಿಯಲ್ಲಿ ಇದನ್ನು ಕೇಳಿ ಬಂದವರಿಗೆ ಬೇಡ ಅಂತ ಹೇಳಿ ಕಳಿಸುವುದು, ಮನೆಗೆ ಬಂದು ನಾನು ಹಚ್ಚಿಕೊಳ್ಳುವುದು. ಕೊನೆಗೆ ಡಾಕ್ಟರು ಬಿಡಿಸಿದರು. ವರ್ಷ ಹಿಡೀತು. ಆಗ ಹೋದದ್ದು ಹೋಯ್ತು."

"ಆ ಸಂಜೆ ನಾನು ಜೋರು ಮಾಡಿದೆನಾ?" ಎಂದು ಕೇಳಿದೆ.

ಅವಳು ಯೋಚಿಸಿದಳು. "ನೆನಪಿಲ್ಲ ಅಂಕಲ್. ಡಬ್ಬಿ ಮುಟ್ಟಿದ್ದಕ್ಕಲ್ಲ ಅಂತ ನೀವು ಹೇಳಿದ್ರಲ್ಲ, ಅದೊಂದೇ ನೆನಪಿರುವುದು."

ಹೊರಗೆ ವರಾಂಡದಲ್ಲಿ ಜಲಜಕ್ಕ ಕುರ್ಚಿಯ ಮೇಲೆ ಕೂತಿದ್ದರು. ಅವರ ಕಾಲ ಬಳಿ ಮೆಟ್ಟಿಲ ಮೇಲೆ ಶುಭಾಳ ಮಗಳು, ಹದಿನಾಲ್ಕಿರಬಹುದು. ಅವಳ ಹಣೆಯ ಮೇಲೆ, ಕೆನ್ನೆಯ ಮೇಲೆ ನಾಲ್ಕಾರು ಕಡೆ ಕೆಂಪು ಮಣ್ಣಿನ ಬೊಟ್ಟು.

"ಸ್ಕಿನ್ ಡಾಕ್ಟರಿಗೆ ತೋರಿಸಿದ್ದೇನೆ," ಎಂದಳು ಶುಭಾ, ನನ್ನ ಹಿಂದೆಯೇ ಬಂದು. "ದಿನಾ ಅವರ ಮದ್ದು. ಇದು ಅಮ್ಮನ ಸಮಾಧಾನಕ್ಕೆ. ಸೂತಕ ಕಳೆದ ಕೂಡಲೇ ಮತ್ತೆ ಶುರು ಮಾಡಿದ್ದಾಳೆ."

ಮುಖ ನೋಡಿ ಮೊಡವೆಯ ಕಾರಣ ಹೇಳುವ ಚಾಳಿ ನನ್ನದು. ಆ ದಿನ ಹೇಳಲಿಲ್ಲ. ಜಲಜಕ್ಕನ ಪಕ್ಕ ಬಗ್ಗಿ ಕೇಳಿದೆ.

"ಬರೀ ನೀರಲ್ಲಿ ತಾನೇ ಕಲಸಿದ್ದು?"

ಅವರು ನನ್ನ ಕಡೆ ತಲೆ ಎತ್ತಿದರು. ಕಣ್ಣಿನ ಪೊರೆಯ ಹಿಂದೆ ಎಷ್ಟು ಕಾಣುತ್ತಿತ್ತೋ, ಎಷ್ಟು ನೆನಪಿತ್ತೋ.

"ಬರೀ ನೀರು ಮೇಷ್ಟ್ರೇ," ಎಂದರು. "ಹಿಡಿಯುವುದಿಲ್ಲ. ಒಣಗಿ ಬಿದ್ದುಹೋಗ್ತದೆ."

"ಬೀಳಲಿ," ಎಂದೆ.

ಹುಡುಗಿ ಏನೋ ನೆನೆದು ನಕ್ಕಳು. ಕೆನ್ನೆ ಅಲ್ಲಾಡಿ ಒಣಗಿದ ಮಣ್ಣಿನ ಒಂದು ಚೂರು ಅವಳ ಮಡಿಲಿಗೆ ಉದುರಿತು. ಶುಭಾ ಬಗ್ಗಿ ಅದನ್ನು ಬೆರಳಿಂದ ತೆಗೆದು, ಮೂಗಿನ ಹತ್ತಿರ ಹಿಡಿದು ಮೂಸಿ, ಅಂಗಳಕ್ಕೆ ಎಸೆದಳು.